ಒಡೆಯಲೆಂದೇ ಮಾಡಿದ ತಗಡು: ರಪ್ಚರ್ ಡಿಸ್ಕ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹಿಂದಿನ ಸಂಚಿಕೆಯಲ್ಲಿ ಸೇಫ್ಟಿ ವಾಲ್ವ್ ಬಗ್ಗೆ ಬರೆಯುವಾಗ ರಪ್ಚರ್ ಡಿಸ್ಕ್ ಅನ್ನುವ ಮಾತು ಒಂದೇ ಸಾಲಿನಲ್ಲಿ ಬಂದು ಹೋಗಿತ್ತು. ಆ ಒಂದು ಸಾಲಿಗೇ ಇಷ್ಟೊಂದು ಪತ್ರ ಬಂದಿವೆ. ಹೆಚ್ಚಿನವು ಔಷಧ ಮತ್ತು ಕೆಮಿಕಲ್ ಕಾರ್ಖಾನೆಗಳಲ್ಲಿ ಶಿಫ್ಟ್ ಕೆಲಸ ಮಾಡುವವರದ್ದು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಬರೆದವರ ಹೆಸರು ಹಾಕಿಲ್ಲ, ಊರು ಮಾತ್ರ ಹಾಕಿದ್ದೇನೆ. ಕೆಲಸದ ಜಾಗದ ವಿಷಯ, ಯಾರಿಗೂ ತೊಂದರೆ ಆಗಬಾರದು ಅಲ್ವಾ.

ಗೊತ್ತಿಲ್ಲದವರಿಗೆ ಎರಡು ಮಾತು. ರಪ್ಚರ್ ಡಿಸ್ಕ್ ಅಂದರೆ ತೆಳುವಾದ ಒಂದು ಬಿಲ್ಲೆ. ಸ್ಟೇನ್‌ಲೆಸ್ ಸ್ಟೀಲ್, ನಿಕ್ಕಲ್, ಇಂಕೊನೆಲ್, ಗ್ರಾಫೈಟ್, ಹೀಗೆ ಒಳಗಿರುವ ಮಾಲಿಗೆ ತಕ್ಕಂತೆ ಮಾಡಿರುತ್ತಾರೆ. ರಿಯಾಕ್ಟರ್ (ರಾಸಾಯನಿಕಗಳನ್ನು ಬೆರೆಸಿ ಮಾಲು ತಯಾರಿಸುವ ಮುಚ್ಚಿದ ಪಾತ್ರೆ) ಅಥವಾ ಟ್ಯಾಂಕಿನ ಮೇಲೆ ಎರಡು ಫ್ಲ್ಯಾಂಜ್‌ಗಳ, ಅಂದರೆ ಬೋಲ್ಟ್ ಹಾಕಿ ಬಿಗಿಯುವ ಬಳೆಗಳ, ನಡುವೆ ಕೂರಿಸುತ್ತಾರೆ. ಒಳಗಿನ ಪ್ರೆಶರ್ ಗೊತ್ತು ಮಾಡಿದ ಮಟ್ಟಕ್ಕೆ ಬಂದ ಕೂಡಲೇ ಅದು ಹರಿದು ದಾರಿ ಬಿಡುತ್ತದೆ. ಒಮ್ಮೆ ಹರಿದರೆ ಮುಗಿಯಿತು, ಮತ್ತೆ ಮುಚ್ಚಿಕೊಳ್ಳುವುದಿಲ್ಲ. ಹೊಸದೇ ಹಾಕಬೇಕು. ಕೆಳಗೆ 3 ಕೆಜಿ, 5 ಕೆಜಿ ಅಂತ ಬರುವುದು ತೂಕ ಅಲ್ಲ, ಪ್ರೆಶರ್: ಒಂದು ಚದರ ಸೆಂಟಿಮೀಟರ್ ಮೇಲೆ ಅಷ್ಟು ಕೆಜಿ ಒತ್ತಡ ಅಂತ ಅರ್ಥ.

ಪ್ರಶ್ನೆ: ನಾನು ರಿಯಾಕ್ಟರ್ ಆಪರೇಟರ್. ನಮ್ಮ ಗ್ಲಾಸ್ ಲೈನ್ಡ್ ರಿಯಾಕ್ಟರ್ ಮೇಲಿನ ಡಿಸ್ಕ್ ಒಂದೇ ತಿಂಗಳಲ್ಲಿ ಎರಡು ಸಲ ಹೋಯ್ತು. ಟ್ಯಾಗ್ ಮೇಲೆ 3 ಕೆಜಿ ಅಂತ ಇದೆ. ನಾವು ನೈಟ್ರೋಜನ್ ಕೊಡುವುದು 2.5 ಕೆಜಿ ಅಷ್ಟೇ. 3 ಮುಟ್ಟಲೇ ಇಲ್ಲ. ಮೇಲಿನವರು ‘ಮಾಲು ಸರಿ ಇಲ್ಲ, ಮುಂದಿನ ಸಲ 5 ಕೆಜಿದು ತರಿಸೋಣ’ ಅಂತಾರೆ. ಸರೀನಾ ಸರ್? (ಬೀದರ್)

ಸರಿಯಲ್ಲ. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. 5 ಕೆಜಿದು ತರಿಸಬೇಡಿ ಅಂತ ನಿಮ್ಮ ಮೇಲಿನವರಿಗೆ ಈ ಪುಟವನ್ನೇ ತೋರಿಸಿ.

ಟ್ಯಾಗ್ ಮೇಲೆ 3 ಅಂತ ಇದ್ದರೆ 2.9ರವರೆಗೂ ನಿಶ್ಚಿಂತೆಯಾಗಿ ಓಡಿಸಬಹುದು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. ಮೊದಲನೆಯದಾಗಿ ಆ 3ಕ್ಕೇ ಆಚೆ ಈಚೆ ಸಾಮಾನ್ಯವಾಗಿ ನೂರಕ್ಕೆ 5ರಷ್ಟು ಸಡಿಲ ಇರುತ್ತದೆ, ಅಂದರೆ 2.85ಕ್ಕೂ ಹರಿಯಬಹುದು, 3.15ಕ್ಕೂ ಹರಿಯಬಹುದು. ಎರಡನೆಯದು ಇನ್ನೂ ಮುಖ್ಯ. ಪ್ರತಿ ಜಾತಿಯ ಡಿಸ್ಕ್‌ಗೂ ದಿನನಿತ್ಯ ಎಷ್ಟು ಭಾರ ಹೊರಬಹುದು ಅನ್ನುವ ಒಂದು ಮಿತಿ ಇದೆ. ಹಳೇ ಕಾಲದ ಸಾದಾ ಡಿಸ್ಕ್, ಅಂದರೆ ಪ್ರೆಶರ್ ಇರುವ ಕಡೆಯಿಂದ ಹೊರಕ್ಕೆ ಉಬ್ಬಿರುವಂಥದ್ದು, ತನ್ನ ರೇಟಿಂಗ್‌ನ, ಅಂದರೆ ಟ್ಯಾಗ್ ಮೇಲಿನ ಅಂಕಿಯ, ನೂರಕ್ಕೆ ಸುಮಾರು 70 ಭಾಗದವರೆಗೆ ಮಾತ್ರ ನೆಮ್ಮದಿಯಾಗಿರುತ್ತದೆ. ನಿಮ್ಮ 3 ಕೆಜಿಗೆ ಅದು 2.1. ನೀವು ದಿನಾ 2.5 ಕೊಡುತ್ತಿದ್ದೀರಿ. ಆ ತಗಡು ಪ್ರತಿ ಸಲವೂ ಸ್ವಲ್ಪ ಹಿಗ್ಗುತ್ತದೆ, ಸ್ವಲ್ಪ ತೆಳ್ಳಗಾಗುತ್ತದೆ, ಒಂದು ದಿನ 2.5ಕ್ಕೇ ಹರಿಯುತ್ತದೆ. ಮಾಲು ಕೆಟ್ಟದ್ದಲ್ಲ, ಆ ಕೆಲಸಕ್ಕೆ ಆ ಜಾತಿ ಹೊಂದುತ್ತಿಲ್ಲ ಅಷ್ಟೇ.

ಇನ್ನೊಂದು ಜಾತಿ ಇದೆ, ರಿವರ್ಸ್ ಬಕ್ಲಿಂಗ್ ಅನ್ನುತ್ತಾರೆ. ಅದರ ಉಬ್ಬು ಪ್ರೆಶರ್ ಕಡೆಗೇ ಮುಖ ಮಾಡಿರುತ್ತದೆ. ಜೋರು ಗಾಳಿಗೆ ಛತ್ರಿ ಒಮ್ಮೆಗೇ ಮಗುಚಿಕೊಳ್ಳುತ್ತದಲ್ಲ, ಹಾಗೆ ಮಟ್ಟ ಮುಟ್ಟಿದ ಕೂಡಲೇ ಟಕ್ ಅಂತ ಮಗುಚಿ ಹರಿಯುತ್ತದೆ. ಅಲ್ಲಿಯವರೆಗೆ ತಗಡು ಎಳೆದಾಟಕ್ಕೆ ಸಿಗುವುದಿಲ್ಲ, ಒತ್ತಡದಲ್ಲಿ ಬಿಗಿಯಾಗಿ ಕೂತಿರುತ್ತದೆ. ಅದಕ್ಕೇ ಇಂಥವು ರೇಟಿಂಗ್‌ನ ನೂರಕ್ಕೆ 90 ಭಾಗದವರೆಗೂ ತಡೆಯುತ್ತವೆ. ಅದೇ 3 ಕೆಜಿ ಇಟ್ಟುಕೊಂಡು ಜಾತಿ ಬದಲಾಯಿಸಿದರೆ ನಿಮ್ಮ 2.5ಕ್ಕೆ ಜಾಗ ಸಿಗುತ್ತದೆ. ಇಲ್ಲವೇ ನೈಟ್ರೋಜನ್ನನ್ನೇ 2ಕ್ಕೆ ಇಳಿಸಿ. ಫಿಲ್ಟರ್ ಮಾಡಲು ಹತ್ತು ನಿಮಿಷ ಜಾಸ್ತಿ ಹಿಡಿಯಬಹುದು. ಹಿಡಿಯಲಿ.

ನೀವು ಬರೆದಿಲ್ಲ, ಆದರೆ ಔಷಧ ಕಾರ್ಖಾನೆ ಅಂದ ಮೇಲೆ ಅದೇ ರಿಯಾಕ್ಟರ್‌ನಲ್ಲಿ ವ್ಯಾಕ್ಯೂಮ್ ಹಾಕಿ, ಅಂದರೆ ಗಾಳಿ ಎಳೆದು, ಸಾಲ್ವೆಂಟ್ (ಮಾಲನ್ನು ಕರಗಿಸುವ ದ್ರವ) ತೆಗೆಯುತ್ತೀರಿ ಅಂತ ನನ್ನ ಅಂದಾಜು. ಒಮ್ಮೆ ವ್ಯಾಕ್ಯೂಮ್, ಒಮ್ಮೆ ನೈಟ್ರೋಜನ್, ಮತ್ತೆ ವ್ಯಾಕ್ಯೂಮ್. ಕಬ್ಬಿಣದ ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸುತ್ತಾ ಹೋದರೆ ಕೊನೆಗೆ ಕೈಯಲ್ಲೇ ತುಂಡಾಗುತ್ತದೆ. ಸಾದಾ ಡಿಸ್ಕ್‌ಗೆ ಕೆಳಗಿನಿಂದ ವ್ಯಾಕ್ಯೂಮ್ ಸಪೋರ್ಟ್, ಅಂದರೆ ಅದು ಒಳಕ್ಕೆ ಬಗ್ಗದ ಹಾಗೆ ತಡೆಯುವ ಆಧಾರ, ಇಲ್ಲದಿದ್ದರೆ ಅದಕ್ಕೂ ಅದೇ ಗತಿ. ಹಾಕುವಾಗ ಆ ಸಪೋರ್ಟ್ ಇತ್ತಾ, ಈಗಲೂ ಇದೆಯಾ ಅಂತ ನೋಡಿ. ಕ್ಲೀನ್ ಮಾಡುವಾಗ ತೆಗೆದಿಟ್ಟು ಮರೆತವರನ್ನು ನಾನು ಕಂಡಿದ್ದೇನೆ.

ಬಿಸಿಯ ವಿಷಯ ಕೂಡ ಮರೆಯುವ ಹಾಗಿಲ್ಲ. ಲೋಹ ಬಿಸಿಯಾದಷ್ಟೂ ಬಲ ಕಡಿಮೆ. ಅದಕ್ಕೇ ಟ್ಯಾಗ್ ಮೇಲೆ ಪ್ರೆಶರ್ ಜೊತೆಗೆ ಡಿಗ್ರಿಯೂ ಇರುತ್ತದೆ. 3 ಕೆಜಿ ಅಂತ ಮಾತ್ರ ಓದಿ ಪಕ್ಕದ 22 ಡಿಗ್ರಿ ಬಿಟ್ಟುಬಿಟ್ಟರೆ ಅರ್ಧ ಓದಿದ ಹಾಗೆ. 22 ಡಿಗ್ರಿಗೆ ಅಳೆದ ಡಿಸ್ಕ್ 150 ಡಿಗ್ರಿಯ ಆವಿ ತಾಗುವ ಜಾಗದಲ್ಲಿದ್ದರೆ ಬೇಗ ಹರಿಯುತ್ತದೆ. ಉಲ್ಟಾ ಕೂಡ ನಿಜ. 150 ಡಿಗ್ರಿಗೆ ಅಂತ ಮಾಡಿದ್ದು ತಣ್ಣಗಿರುವಾಗ ತಡವಾಗಿ ಹರಿಯುತ್ತದೆ. ಇದು ಬೇಗ ಹರಿಯುವುದಕ್ಕಿಂತ ಕೆಟ್ಟದ್ದು.

ಮುಂದಿನ ಸಲ ಹರಿದಾಗ ಡಿಸ್ಕನ್ನು ಗುಜರಿಗೆ ಎಸೆಯಬೇಡಿ. ಕೈಯಲ್ಲಿ ಹಿಡಿದು ನೋಡಿ. ದಳದಳವಾಗಿ ಪೂರ್ತಿ ಬಿಚ್ಚಿಕೊಂಡಿದ್ದರೆ ನಿಜಕ್ಕೂ ಪ್ರೆಶರ್ ಬಂದಿತ್ತು ಅಂತ ಅನುಮಾನಿಸಬೇಕು. ಗೇಜ್ ನೋಡಿದ್ದು ಯಾರು, ಎಷ್ಟು ಹೊತ್ತಿಗೆ ಅಂತ ಕೇಳಬೇಕು. ಸಣ್ಣ ಬಿರುಕು, ಸೂಜಿ ಮೊನೆಯಷ್ಟು ತೂತು ಇದ್ದರೆ ದಣಿವು ಇಲ್ಲವೇ ತುಕ್ಕು. ಅಂಚು ಸುಕ್ಕುಗಟ್ಟಿ ಒಳಗೆ ಜಾರಿದ್ದರೆ ಬೋಲ್ಟ್ ಸರಿಯಾಗಿ ಬಿಗಿದಿಲ್ಲ. ಇದಕ್ಕೆ ಟಾರ್ಕ್ ರೆಂಚ್, ಅಂದರೆ ಎಷ್ಟು ಬಿಗಿಯಿತು ಅಂತ ಅಳೆದು ತೋರಿಸುವ ಪಾನಾ, ಬೇಕೇ ಬೇಕು. ಕೈಯಂದಾಜಿಗೆ ಬಿಗಿಯುವ ಜಾಗ ಅಲ್ಲ ಇದು.

ಈಗ 5 ಕೆಜಿ ಯಾಕೆ ಬೇಡ ಅನ್ನುವುದಕ್ಕೆ ಬರುತ್ತೇನೆ. ‘ರಿಯಾಕ್ಟರ್ 6 ಕೆಜಿಗೆ ಮಾಡಿದ್ದು, 5ಕ್ಕೆ ಏನಾಗುತ್ತೆ’ ಅಂತ ಕೇಳುತ್ತಾರೆ. ರಿಯಾಕ್ಷನ್ ಕೈಮೀರಿದಾಗ ಏನಾಗುತ್ತದೆ ಅಂತ ಯೋಚಿಸಿ. ಬಿಸಿ ಏರಿದ ಹಾಗೆ ರಿಯಾಕ್ಷನ್ ವೇಗ ಏರುತ್ತದೆ, ಸುಮಾರಾಗಿ 10 ಡಿಗ್ರಿಗೆ ಎರಡು ಪಟ್ಟು ಅಂತ ಲೆಕ್ಕ ಹಿಡಿಯುತ್ತಾರೆ. ಡಿಸ್ಕ್ ಬೇಗ ಹರಿದರೆ ಒಳಗಿನ ಸಾಲ್ವೆಂಟ್ ಕುದಿದು ಆವಿಯಾಗಿ ಹೋಗುವಾಗ ಬಿಸಿಯನ್ನೂ ಹೊತ್ತುಕೊಂಡು ಹೋಗುತ್ತದೆ, ರಿಯಾಕ್ಷನ್ ಇನ್ನೂ ಹಿಡಿತದಲ್ಲಿ ಇರುವಾಗಲೇ. ತಡವಾಗಿ ಹರಿದರೆ ಅಷ್ಟೊತ್ತಿಗೆ ಅದು ಎಷ್ಟು ಜೋರಾಗಿರುತ್ತದೆ ಅಂದರೆ ಆ ತೂತು ಸಾಲುವುದೇ ಇಲ್ಲ.

ಅಮೆರಿಕದ ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಟಿ2 ಲ್ಯಾಬೊರೇಟರೀಸ್ ಅನ್ನುವ ಸಣ್ಣ ಕಾರ್ಖಾನೆ ಇತ್ತು. ಪೆಟ್ರೋಲಿಗೆ ಬೆರೆಸುವ ಒಂದು ರಾಸಾಯನಿಕವನ್ನು ಸೋಡಿಯಂ ಲೋಹ ಬಳಸಿ ಮಾಡುತ್ತಿದ್ದರು. 2007ರ ಡಿಸೆಂಬರ್ 19ರಂದು ರಿಯಾಕ್ಟರ್‌ನ ಕೂಲಿಂಗ್ ನಿಂತಿತು. ಬದಲಿ ಕೂಲಿಂಗ್ ವ್ಯವಸ್ಥೆ ಇರಲಿಲ್ಲ. ಮೇಲಿದ್ದ ಡಿಸ್ಕ್ 400 ಪಿಎಸ್‌ಐದು, ನಮ್ಮ ಲೆಕ್ಕದಲ್ಲಿ ಸುಮಾರು 28 ಕೆಜಿ. ಅದು ಹರಿಯುವ ಹೊತ್ತಿಗೆ ಒಳಗೆ ಮೊದಲನೆಯದಕ್ಕಿಂತ ಭೀಕರವಾದ ಎರಡನೇ ರಿಯಾಕ್ಷನ್ ಶುರುವಾಗಿತ್ತು. ರಿಯಾಕ್ಟರ್ ಸಿಡಿಯಿತು. 4 ಜನ ಸತ್ತರು, 32 ಜನರಿಗೆ ಗಾಯ. ಆಮೇಲೆ ಅಲ್ಲಿನ ಕೆಮಿಕಲ್ ಸೇಫ್ಟಿ ಬೋರ್ಡ್ ತನಿಖೆ ಮಾಡಿದಾಗ ಗೊತ್ತಾದದ್ದು ಇದು: ಡಿಸ್ಕನ್ನು 75 ಪಿಎಸ್‌ಐಗೆ, ಅಂದರೆ ಸುಮಾರು 5.3 ಕೆಜಿಗೆ ಇಟ್ಟಿದ್ದರೆ ಮೊದಲ ರಿಯಾಕ್ಷನ್ ಹಂತದಲ್ಲೇ ಬಿಸಿ ಹೊರಗೆ ಹೋಗಿ ರಿಯಾಕ್ಟರ್ ಉಳಿಯುವ ಸಾಧ್ಯತೆ ಇತ್ತು. ಡಿಸ್ಕ್ ಇತ್ತು, ಕೆಟ್ಟಿರಲಿಲ್ಲ, ಹರಿಯಿತು ಕೂಡ. ತಡವಾಗಿ. ಇದನ್ನು ಓದಿದಾಗಿನಿಂದ ಯಾರಾದರೂ ‘ಸ್ವಲ್ಪ ಜಾಸ್ತಿದು ಹಾಕಿಬಿಡೋಣ’ ಅಂದರೆ ನನಗೆ ತಡೆದುಕೊಳ್ಳಲು ಆಗುವುದಿಲ್ಲ.

ರೇಟಿಂಗ್ ಬದಲಾಯಿಸಲೇಬೇಕು ಅಂದರೆ ಅದು ಸ್ಟೋರ್ಸ್ ಇಂಡೆಂಟ್‌ನಲ್ಲಿ ಒಂದು ಅಂಕಿ ತಿದ್ದುವ ಕೆಲಸ ಅಲ್ಲ. ಕೈಮೀರಿದರೆ ಎಷ್ಟು ಗ್ಯಾಸ್ ಬರುತ್ತದೆ, ಎಷ್ಟು ಬೇಗ ಬರುತ್ತದೆ ಅಂತ ಗೊತ್ತಿರುವ ಪ್ರೋಸೆಸ್ ಎಂಜಿನಿಯರ್ ಕೂತು ಲೆಕ್ಕ ಹಾಕಿ, ಬರೆದು, ಸಹಿ ಮಾಡಬೇಕು.

ಪ್ರಶ್ನೆ: ಸೇಫ್ಟಿ ವಾಲ್ವ್ ಇದ್ದ ಮೇಲೆ ಡಿಸ್ಕ್ ಯಾಕೆ? ನಮ್ಮಲ್ಲಿ ಎರಡೂ ಇವೆ, ಒಂದರ ಮೇಲೊಂದು. ನಡುವೆ ಒಂದು ಸಣ್ಣ ಗೇಜ್ ಬೇರೆ. ಆ ಗೇಜ್ ಯಾವಾಗಲೂ ಸೊನ್ನೆ ತೋರಿಸುತ್ತದೆ, ಅದರಿಂದ ಏನು ಉಪಯೋಗ? (ಬೈಕಂಪಾಡಿ, ಮಂಗಳೂರು)

ಆ ಗೇಜ್ ಸೊನ್ನೆ ತೋರಿಸುತ್ತಿದೆ ಅಂತ ಓದಿ ನನಗೆ ಖುಷಿಯಾಯಿತು. ಅದು ಸೊನ್ನೆ ತೋರಿಸಬೇಕು ಅಂತಲೇ ಇರುವುದು.

ವಾಲ್ವ್‌ಗೆ ಸ್ಪ್ರಿಂಗ್ ಇದೆ. ತೆರೆಯುತ್ತದೆ, ಪ್ರೆಶರ್ ಇಳಿದ ಮೇಲೆ ಮುಚ್ಚಿಕೊಳ್ಳುತ್ತದೆ, ಮಾಲು ಉಳಿಯುತ್ತದೆ. ಅದು ಒಳ್ಳೆಯದೇ. ಆದರೆ ಆಸಿಡ್ ಆವಿ ತಾಗುತ್ತಿದ್ದರೆ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ, ಅಂಟುವ ಪಾಲಿಮರ್ ಇದ್ದರೆ ಸೀಟ್ ಕಚ್ಚಿಕೊಂಡುಬಿಡುತ್ತದೆ. ಸ್ವಲ್ಪ ಸೋರುವುದೂ ಇದ್ದದ್ದೇ, ವಿಷದ ಗ್ಯಾಸ್ ಆದರೆ ಅಷ್ಟು ಸೋರಿಕೆಯೂ ಬೇಡ. ಅದಕ್ಕೆ ಕೆಳಗೆ ಡಿಸ್ಕ್ ಹಾಕಿ ವಾಲ್ವನ್ನು ಒಣಗಿಟ್ಟಿರುತ್ತಾರೆ. ವಾಲ್ವ್‌ನ ಕೆಳಗೆ ಹಾಕುವ ಡಿಸ್ಕ್ ಚೂರು ಉದುರಿಸದ ಜಾತಿಯದ್ದಾಗಿರಬೇಕು, ಇಲ್ಲದಿದ್ದರೆ ಹರಿದ ತುಂಡು ಹೋಗಿ ವಾಲ್ವ್‌ನ ಬಾಯಿಗೆ ಸಿಕ್ಕಿಕೊಳ್ಳುತ್ತದೆ.

ಈಗ ಗೇಜ್. ಡಿಸ್ಕ್‌ಗೆ ಒಳಗಿನ ಪ್ರೆಶರ್ ಎಷ್ಟು ಅಂತ ಗೊತ್ತಾಗುವುದಿಲ್ಲ. ಕೆಳಗೂ ಮೇಲೂ ಇರುವ ವ್ಯತ್ಯಾಸ ಎಷ್ಟು ಅನ್ನುವುದಷ್ಟೇ ಅದಕ್ಕೆ ತಾಗುತ್ತದೆ. ನಿಮ್ಮ ಡಿಸ್ಕ್ 10 ಕೆಜಿದು ಅಂದುಕೊಳ್ಳಿ, ಒಳಗೆ 7 ಕೆಜಿ ಇದೆ. ಡಿಸ್ಕ್‌ನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಬಿದ್ದಿದೆ. ನಿಧಾನಕ್ಕೆ ಗ್ಯಾಸ್ ಜಿನುಗಿ ಡಿಸ್ಕ್ ಮತ್ತು ವಾಲ್ವ್ ನಡುವಿನ ಜಾಗದಲ್ಲೂ 7 ಕೆಜಿ ತುಂಬುತ್ತದೆ. ಈಗ ಒಳಗೆ ದಿಢೀರನೆ ಪ್ರೆಶರ್ ಏರಿದರೆ ಡಿಸ್ಕ್ 10ಕ್ಕೆ ಹರಿಯುವುದಿಲ್ಲ. 17ಕ್ಕೆ ಹರಿಯುತ್ತದೆ! ಅಷ್ಟೊತ್ತಿಗೆ ಪಾತ್ರೆ ತಡೆದೀತೇ? ಅದಕ್ಕೇ ಆ ಜಾಗದಲ್ಲಿ ಗೇಜ್, ಇಲ್ಲವೇ ಹೊರಕ್ಕೆ ಬಿಡುವ ಸಣ್ಣ ದಾರಿ ಇರಲೇಬೇಕು ಅಂತ ನಿಯಮ.

ನಾನು ಹಿಂದೆ ಕೆಲಸಕ್ಕಿದ್ದ ಒಂದು ಕಾರ್ಖಾನೆಯಲ್ಲಿ ಇಂಥದ್ದೇ ಗೇಜ್ 4 ಕೆಜಿ ತೋರಿಸುತ್ತಿತ್ತು. ‘ಗೇಜ್ ಕೆಟ್ಟಿದೆ’ ಅಂತ ಬಿಚ್ಚಿ ಹೊಸದು ಹಾಕಿದರು. ಬಿಚ್ಚಿದಾಗ ಪ್ರೆಶರ್ ಹೋಯಿತು, ಹೊಸ ಗೇಜ್ ಸೊನ್ನೆ ತೋರಿಸಿತು, ಎಲ್ಲರಿಗೂ ಸಮಾಧಾನ. ಎರಡು ವಾರಕ್ಕೆ ಅದೂ 4 ತೋರಿಸಿತು. ಮತ್ತೆ ಗೇಜ್ ಬದಲಾಯಿಸಲು ಹೊರಟಿದ್ದರು! ಅಲ್ಲಿದ್ದ ಒಬ್ಬ ಹಿರಿಯ ಫಿಟ್ಟರ್ ತಡೆದು ಡಿಸ್ಕ್ ಬಿಚ್ಚಿಸಿದರು. ಬೆಳಕಿಗೆ ಹಿಡಿದರೆ ಒಂದು ಚುಕ್ಕಿಯಷ್ಟು ತೂತು. ಆ ದಿನ ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಅವತ್ತು ಕಲಿತದ್ದು ಇವತ್ತಿಗೂ ಕೈಬಿಟ್ಟಿಲ್ಲ. ನಡುವಿನ ಗೇಜ್ ಸೊನ್ನೆ ಬಿಟ್ಟು ಏನೇ ತೋರಿಸಲಿ, ಮೊದಲು ಡಿಸ್ಕ್ ಮೇಲೆ ಅನುಮಾನ ಪಡಬೇಕು, ಗೇಜ್ ಮೇಲೆ ಆಮೇಲೆ. ಪ್ರತಿ ಶಿಫ್ಟ್‌ನಲ್ಲೂ ಆ ಸೊನ್ನೆಯನ್ನು ಲಾಗ್‌ಬುಕ್‌ನಲ್ಲಿ ಬರೆಯಿರಿ.

ಪ್ರಶ್ನೆ: ನಮ್ಮ ಮನೆ ಕುಕ್ಕರ್ ಮುಚ್ಚಳದ ಮೇಲೆ ಸೇಫ್ಟಿ ವಾಲ್ವ್ ಅಂತ ಒಂದು ಗುಂಡಿ ಇದೆಯಲ್ಲ, ಅದೂ ಇದೇನಾ? (ಹಾಸನ)

ಅಣ್ಣ ತಮ್ಮ ಅನ್ನಬಹುದು, ಒಂದೇ ಅಲ್ಲ. ಅದರ ನಡುವೆ ಬೇಗ ಕರಗುವ ಲೋಹ ಇರುತ್ತದೆ. ವಿಷಲ್ ದಾರಿ ಕಟ್ಟಿಕೊಂಡು ಒಳಗೆ ಬಿಸಿ ಮಿತಿ ಮೀರಿದರೆ, ಇಲ್ಲವೇ ನೀರು ಪೂರ್ತಿ ಆರಿಹೋದರೆ, ಆ ಲೋಹ ಕರಗಿ ಹಬೆಗೆ ದಾರಿ ಬಿಡುತ್ತದೆ. ಅಂದರೆ ಅದಕ್ಕೆ ಕಾಣುವುದು ಬಿಸಿ, ರಪ್ಚರ್ ಡಿಸ್ಕ್‌ಗೆ ಕಾಣುವುದು ಪ್ರೆಶರ್. ಎರಡೂ ಒಂದೇ ಸಲದ ಬಾಳು. ಅದು ಹೋದಾಗ ಅದೇ ಕಂಪನಿಯದ್ದು, ಅದೇ ಮಾಡೆಲ್‌ನದ್ದು ಹಾಕಿಸಿ. ರಿಪೇರಿಯವರು ಸುಮ್ನೆ ಒಂದು ಬೋಲ್ಟ್ ಹಾಕಿ ಮುಚ್ಚಿಕೊಟ್ಟರೆ ಆ ಕುಕ್ಕರ್ ಒಲೆ ಮೇಲೆ ಇಡಬೇಡಿ. ಬೇಳೆ ಬೇಯಿಸುವಾಗ ನೊರೆ ಬಂದು ವಿಷಲ್ ದಾರಿ ಕಟ್ಟುವುದು ಜಾಸ್ತಿ, ಆ ತೂತನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಪ್ರಶ್ನೆ: ಸ್ಟೋರ್ಸ್‌ನಲ್ಲಿ ಏಳೆಂಟು ವರ್ಷ ಹಳೆಯ ಡಿಸ್ಕ್‌ಗಳಿವೆ. ಪ್ಯಾಕ್ ಒಡೆದಿಲ್ಲ. ಬಳಸಬಹುದಾ? (ನಂಜನಗೂಡು)

ಪ್ಯಾಕ್ ಸರಿ ಇದ್ದು, ಒಣ ಜಾಗದಲ್ಲಿದ್ದು, ಟ್ಯಾಗ್ ಜೊತೆಗಿದ್ದರೆ ಮಾಡಿದ ಕಂಪನಿಗೆ ಲಾಟ್ ನಂಬರ್ ಕೊಟ್ಟು ಕೇಳಿ. ಅವರು ಹೇಳಿದ ಹಾಗೆ ಮಾಡಿ. ಟ್ಯಾಗ್ ಇಲ್ಲದ್ದು, ಉಬ್ಬಿನ ಮೇಲೆ ಗೀರು ಅಥವಾ ತಗ್ಗು ಬಿದ್ದಿದ್ದು ಎಷ್ಟೇ ಹೊಸದಾದರೂ ಬೇಡ. ಒಮ್ಮೆ ಹೋಲ್ಡರ್‌ನಲ್ಲಿ ಬಿಗಿದು ಬಿಚ್ಚಿದ್ದನ್ನೂ ಮತ್ತೆ ಹಾಕಬೇಡಿ. ಮತ್ತು ಕೂರಿಸುವಾಗ ಬಾಣದ ಗುರುತು ನೋಡಿ. ರಿವರ್ಸ್ ಜಾತಿಯದ್ದನ್ನು ತಲೆಕೆಳಗಾಗಿ ಹಾಕಿದರೆ, ಕೆಲವು ಮಾದರಿಗಳು ತಮ್ಮ ರೇಟಿಂಗ್‌ಗಿಂತ ತುಂಬಾ ಮೇಲೆ ಹೋಗುವವರೆಗೂ ಹರಿಯುವುದಿಲ್ಲ.

ಪ್ರಶ್ನೆ: ಭೋಪಾಲ್‌ನಲ್ಲಿ ರಪ್ಚರ್ ಡಿಸ್ಕ್ ಇರಲಿಲ್ವಾ? ಇದ್ದರೆ ಯಾಕೆ ಕೆಲಸ ಮಾಡಲಿಲ್ಲ? (ಐಟಿಐ ವಿದ್ಯಾರ್ಥಿ, ದಾವಣಗೆರೆ)

ಇತ್ತು. ಕೆಲಸವನ್ನೂ ಮಾಡಿತು. ಈ ಉತ್ತರ ಕೊಡುವಾಗ ಪ್ರತಿ ಸಲವೂ ನನಗೆ ಸಂಕಟವಾಗುತ್ತದೆ.

1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 610ನೇ ಟ್ಯಾಂಕಿನಲ್ಲಿ ಸುಮಾರು 42 ಟನ್ ಮೀಥೈಲ್ ಐಸೊಸಯನೇಟ್ ಅನ್ನುವ ವಿಷದ ದ್ರವ ಇತ್ತು. ಅದರೊಳಗೆ ನೀರು ಸೇರಿತು. ಬಿಸಿ ಏರಿತು, ಪ್ರೆಶರ್ ಏರಿತು. ಡಿಸ್ಕ್ 40 ಪಿಎಸ್‌ಐದು, ಸುಮಾರು 2.8 ಕೆಜಿ. ಅದು ಹರಿಯಿತು, ಮೇಲಿನ ಸೇಫ್ಟಿ ವಾಲ್ವ್ ತೆರೆಯಿತು. ಟ್ಯಾಂಕ್ ಸಿಡಿಯಲಿಲ್ಲ. ಆದರೆ ಡಿಸ್ಕ್ ತೆರೆದ ದಾರಿ ಎಲ್ಲಿಗೆ ಹೋಗುತ್ತಿತ್ತು ನೋಡಿ. ಮೊದಲು ಗ್ಯಾಸನ್ನು ತೊಳೆಯುವ ಸ್ಕ್ರಬ್ಬರ್. ಅದು ಚಾಲೂ ಇರಲಿಲ್ಲ, ಇದ್ದಿದ್ದರೂ ಅಷ್ಟು ಗ್ಯಾಸ್ ತೊಳೆಯುವ ಶಕ್ತಿ ಅದಕ್ಕಿರಲಿಲ್ಲ. ಆಮೇಲೆ ಸುಟ್ಟುಹಾಕುವ ಫ್ಲೇರ್. ಅದರ ಪೈಪಿನ ಒಂದು ತುಂಡನ್ನು ರಿಪೇರಿಗೆ ಬಿಚ್ಚಿಟ್ಟಿದ್ದರು. ಟ್ಯಾಂಕನ್ನು ತಣ್ಣಗಿಡುವ ವ್ಯವಸ್ಥೆಯನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಹಾಗಾಗಿ ಡಿಸ್ಕ್ ಬಿಟ್ಟ ದಾರಿಯಲ್ಲಿ ವಿಷ ನೇರವಾಗಿ ಮಲಗಿದ್ದ ಊರಿನ ಮೇಲೆ ಹೋಯಿತು.

ಎಂಟು ವರ್ಷ ಮೊದಲು, 1976ರ ಜುಲೈ 10ರ ಶನಿವಾರ, ಇಟಲಿಯ ಸೆವೆಸೊ ಹತ್ತಿರವೂ ಇದೇ ಪಾಠ ಬೇರೆ ರೂಪದಲ್ಲಿ ಬಂದಿತ್ತು. ವಾರದ ರಜೆಗೆ ಅಂತ ಕಾರ್ಖಾನೆ ನಿಲ್ಲಿಸಿ ಹೋದ ಮೇಲೆ, ಅರ್ಧಕ್ಕೆ ಬಿಟ್ಟ ಬ್ಯಾಚ್ ಒಳಗೊಳಗೇ ಬಿಸಿಯಾಗಿ ಡಿಸ್ಕ್ ಹರಿಯಿತು. ಅಲ್ಲಂತೂ ಡಿಸ್ಕ್‌ನಿಂದ ಪೈಪ್ ನೇರ ಆಕಾಶಕ್ಕೆ. ಡಯಾಕ್ಸಿನ್ ಅನ್ನುವ ಕಡು ವಿಷ ಇದ್ದ ಮೋಡ ಊರಿನ ಮೇಲೆ ಇಳಿಯಿತು. ಮಕ್ಕಳ ಮೈಮೇಲೆ ಗುಳ್ಳೆಗಳೆದ್ದವು, ಸಾವಿರಗಟ್ಟಲೆ ಪ್ರಾಣಿಗಳು ಹೋದವು. ಯುರೋಪಿನವರು 1982ರಲ್ಲಿ ತಂದ ಕಾನೂನಿಗೆ ಆ ಊರಿನ ಹೆಸರೇ ಅಂಟಿಕೊಂಡಿದೆ.

ನೀವು ಐಟಿಐ ಮುಗಿಸಿ ಯಾವುದೇ ಕಾರ್ಖಾನೆಗೆ ಹೋಗಿ, ಮೊದಲ ವಾರ ಒಂದು ಕೆಲಸ ಮಾಡಿ. ಡಿಸ್ಕ್‌ನ ಮೇಲಿನ ಪೈಪಿಗೆ ಕಣ್ಣಿಟ್ಟು, ಅದು ಎಲ್ಲಿ ಮುಗಿಯುತ್ತದೋ ಅಲ್ಲಿಯವರೆಗೆ ನಡೆದುಕೊಂಡು ಹೋಗಿ. ಹೊರಬಂದದ್ದನ್ನು ಹಿಡಿಯುವ ಕ್ಯಾಚ್ ಟ್ಯಾಂಕ್ ಇದೆಯಾ, ಸ್ಕ್ರಬ್ಬರ್ ಇದೆಯಾ, ಇವತ್ತು ಅದು ಓಡುತ್ತಿದೆಯಾ? ಇಲ್ಲ ಪೈಪ್ ಬಂದು ನೀವು ಟೀ ಕುಡಿಯುವ ಕಟ್ಟೆಯ ಮೇಲೆ ಬಾಯಿ ತೆರೆದಿದೆಯಾ?

ಪ್ರಶ್ನೆ: ಆಸ್ಪತ್ರೆಯ ಎಂಆರ್‌ಐ ಕೋಣೆಯಿಂದ ಚಾವಣಿಗೆ ಹೋಗುವ ದಪ್ಪ ಪೈಪ್ ಹತ್ತಿರ ‘ನಿಲ್ಲಬೇಡಿ’ ಅಂತ ಬೋರ್ಡ್ ಇದೆ. ಏನದು? (ಹುಬ್ಬಳ್ಳಿ)

ಕ್ವೆಂಚ್ ಪೈಪ್. ಎಂಆರ್‌ಐ ಮ್ಯಾಗ್ನೆಟ್ ದ್ರವ ಹೀಲಿಯಂನಲ್ಲಿ ಮುಳುಗಿರುತ್ತದೆ, ಸೊನ್ನೆಗಿಂತ ಸುಮಾರು 269 ಡಿಗ್ರಿ ಕೆಳಗೆ. ಅದು ದಿಢೀರನೆ ಬಿಸಿಯಾದರೆ ಒಂದು ಲೀಟರ್ ದ್ರವ 700 ಲೀಟರ್‌ಗೂ ಹೆಚ್ಚು ಗ್ಯಾಸ್ ಆಗುತ್ತದೆ. ಆಗ ಅಲ್ಲಿರುವ ಬರ್ಸ್ಟ್ ಡಿಸ್ಕ್ (ರಪ್ಚರ್ ಡಿಸ್ಕ್‌ನದ್ದೇ ಇನ್ನೊಂದು ಹೆಸರು) ಹರಿದು ಆ ಪೈಪಿನಲ್ಲಿ ಹೊರಗೆ ಬಿಡುತ್ತದೆ. ಹೊರಬರುವ ಗ್ಯಾಸ್ ಚರ್ಮ ಸುಡುವಷ್ಟು ತಣ್ಣಗಿರುತ್ತದೆ. ಬೋರ್ಡ್ ಹೇಳಿದಂತೆ ಕೇಳಿ. ಅಂಗಡಿಗಳಲ್ಲಿ ನೇತುಹಾಕಿರುವ ಸಿಒ2 ಫೈರ್ ಸಿಲಿಂಡರ್‌ನ ವಾಲ್ವ್ ಪಕ್ಕದ ಸಣ್ಣ ನಟ್‌ನೊಳಗೂ ಇಂಥದ್ದೇ ಪುಟ್ಟ ಡಿಸ್ಕ್ ಇರುತ್ತದೆ. ಬಿಸಿಲಿಗೆ ಇಡಬೇಡಿ ಅನ್ನುವುದು ಅದಕ್ಕೇ.

ಪ್ರಶ್ನೆ: ನಾನು ಹೆಲ್ಪರ್. ರಾತ್ರಿ ಪಾಳಿಯಲ್ಲಿ ಡಿಸ್ಕ್ ಹರಿದಿತ್ತು. ಸ್ಪೇರ್ ಇರಲಿಲ್ಲ. ಬ್ಯಾಚ್ ನಿಲ್ಲಬಾರದು ಅಂತ ಡಮ್ಮಿ ಪ್ಲೇಟ್ ಹಾಕು ಅಂದರು. ಹಾಕಿದೆ. ಏನೂ ಆಗಲಿಲ್ಲ. ಆದರೆ ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ. ಮತ್ತೆ ಹಾಗೆ ಹೇಳಿದರೆ ಏನು ಮಾಡಲಿ ಸರ್? (ಊರು ಬರೆದಿಲ್ಲ)

ಊರು ಬರೆಯದಿದ್ದರೆ ಪರವಾಗಿಲ್ಲಪ್ಪ. ಬರೆದಿದ್ದೇ ದೊಡ್ಡದು.

ಮತ್ತೆ ಹಾಕಬೇಡಿ. ಡಮ್ಮಿ ಅಂದರೆ ದಾರಿಯನ್ನೇ ಮುಚ್ಚಿಬಿಡುವ ಗಟ್ಟಿ ತಟ್ಟೆ. ಅದನ್ನು ಹಾಕಿದ ರಿಯಾಕ್ಟರ್‌ಗೆ ಹರಿಯುವ ಜಾಗವೇ ಇರುವುದಿಲ್ಲ. ಆಮೇಲೆ ಹರಿಯುವುದು ಮ್ಯಾನ್‌ಹೋಲ್ ಗ್ಯಾಸ್ಕೆಟ್ಟೋ, ಸೈಟ್ ಗ್ಲಾಸೋ, ಪಾತ್ರೆಯೋ. ಅದರ ಮುಂದೆ ನಿಂತಿರುವುದು ನೀವು. ‘ಹಾಕಲ್ಲ’ ಅಂತ ಮುಖಕ್ಕೆ ಹೇಳಲು ಧೈರ್ಯ ಬಾರದಿದ್ದರೆ, ನಿಮ್ಮ ಸ್ಥಿತಿ ನನಗೆ ಅರ್ಥವಾಗುತ್ತದೆ, ಹೀಗೆ ಕೇಳಿ: ‘ಸರ್, ಡಮ್ಮಿ ಹಾಕೋಕೆ ಲಾಗ್‌ಬುಕ್‌ನಲ್ಲಿ ಬರೆದು ಸಹಿ ಮಾಡಿಕೊಡಿ.’ ನನ್ನ ಅನುಭವದಲ್ಲಿ ಹತ್ತರಲ್ಲಿ ಒಂಬತ್ತು ಸಲ ಅಲ್ಲಿಗೇ ಮಾತು ನಿಂತಿದೆ. ಜೊತೆಗೆ ಸೇಫ್ಟಿ ಆಫೀಸರ್‌ಗೆ ಫೋನ್ ಮಾಡಿ, ಎಷ್ಟು ಹೊತ್ತಾಗಿದ್ದರೂ ಸರಿ. ಭೋಪಾಲ್ ಆದ ಮೇಲೆ 1987ರಲ್ಲಿ ಫ್ಯಾಕ್ಟರಿ ಕಾಯ್ದೆಗೆ ತಿದ್ದುಪಡಿ ತಂದಾಗ, ಅಪಾಯ ಎದುರಿಗಿದೆ ಅಂತ ಅನಿಸಿದರೆ ಅದನ್ನು ಮೇಲಿನವರ ಗಮನಕ್ಕೂ ಇನ್‌ಸ್ಪೆಕ್ಟರ್ ಗಮನಕ್ಕೂ ತರುವ ಹಕ್ಕನ್ನು ಕಾರ್ಮಿಕರಿಗೆ ಬರೆದೇ ಕೊಟ್ಟರು. ನಮ್ಮ ರಾಜ್ಯದಲ್ಲಿ ಕಾರ್ಖಾನೆಗಳು ಮತ್ತು ಬಾಯ್ಲರ್‌ಗಳ ಇಲಾಖೆ ಇರುವುದೂ ಇದಕ್ಕೇ.

ಈಗ ತುರ್ತಾಗಿ ಒಂದು ಕೆಲಸ. ಅವತ್ತು ಹಾಕಿದ ಆ ಡಮ್ಮಿ ಪ್ಲೇಟ್ ಆಮೇಲೆ ತೆಗೆದರಾ ಅಂತ ನೀವು ಬರೆದಿಲ್ಲ. ಇವತ್ತೇ ಹೋಗಿ ನೋಡಿ. ಇನ್ನೂ ಇದ್ದರೆ ಬ್ಯಾಚ್ ಶುರು ಮಾಡುವ ಮೊದಲು ಹೇಳಿ. ತೆಗೆದಿದ್ದರೆ ನನಗೊಂದು ಸಾಲು ಬರೆಯಿರಿ.